ಹಾವು ಕಚ್ಚಿತೇ, ಬೇರೇನೋ ಆಯಿತೇ? ಅಂಗಳದ ಕೋಳಿ, ನಾಯಿ, ಬೆಕ್ಕುಗಳ ಲಕ್ಷಣ ನೋಡಿ ತಿಳಿಯುವ ಬಗೆ

ನಮ್ಮ ನಾಯಿ ಕರಿಯನಿಗೆ ಕೊಳಕುಮಂಡಲ ಕಚ್ಚಿದ ಸಂಜೆ ಮನೆಯವರೆಲ್ಲ ಟಾರ್ಚ್ ಹಿಡಿದು ಹಾವು ಹುಡುಕಿದೆವು. ಅಡಿಕೆ ಸಿಪ್ಪೆಯ ರಾಶಿ ಕೆದಕಿದೆವು, ಸೌದೆ ಸರಿಸಿದೆವು. ಅಷ್ಟರಲ್ಲಿ ನೆರೆಮನೆಯವರು ಯಾವುದೋ ಸೊಪ್ಪಿನ ರಸ ಅರೆದು ತಂದರು. ಅದನ್ನು ಕುಡಿಸುವುದಕ್ಕೆ ಮತ್ತರ್ಧ ಗಂಟೆ ಹೋಯಿತು. ಪಶುವೈದ್ಯರ ಮೇಜಿನ ಮೇಲೆ ನಾಯಿಯನ್ನು ಮಲಗಿಸುವಾಗ ಮೂರು ಗಂಟೆ ದಾಟಿತ್ತು, ಅದರ ಮೂತ್ರ ಕಾಫಿ ಡಿಕಾಕ್ಷನ್‌ನ ಬಣ್ಣಕ್ಕೆ ತಿರುಗಿತ್ತು. ನಾಲ್ಕನೆಯ ದಿನ ಮೂತ್ರಪಿಂಡ ಸೋತು ಸತ್ತಿತು. ಎರಡು ವರ್ಷಗಳ ನಂತರ ಅದೇ ಅಂಗಳದಲ್ಲಿ ಇನ್ನೊಂದು ನಾಯಿ ಕೆಂಚಿಗೆ ನಾಗರಹಾವು ಕಚ್ಚಿದಾಗ ಹಾವನ್ನು ಯಾರೂ ಹುಡುಕಲಿಲ್ಲ. ಒಬ್ಬರು ಗಾಡಿ ತೆಗೆದರು, ಒಬ್ಬರು ಫೋನ್ ಮಾಡಿದರು. ಕೆಂಚಿ ಈಗಲೂ ಗೇಟಿನ ಬಳಿ ಮಲಗಿ ಬಂದವರಿಗೆಲ್ಲ ಬೊಗಳುತ್ತಾಳೆ.

ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಪ್ರಾಣಿಯ ಮೈಯನ್ನು ನೋಡಿ ತಿಳಿಯುವ ವಿಷಯ. ಹಾವು ಯಾವುದೆಂದು ಗೊತ್ತಾದರೆ ಒಳ್ಳೆಯದೇ, ಗೊತ್ತಾಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳಿಗೆ ಒಟ್ಟಿಗೆ ತಯಾರಾದದ್ದು: ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲಿನ ಎರಡರ ವಿಷ ಮುಖ್ಯವಾಗಿ ನರಕ್ಕೆ, ಮಂಡಲಗಳ ವಿಷ ಮುಖ್ಯವಾಗಿ ರಕ್ತಕ್ಕೆ. ಈ ಒಂದು ವ್ಯತ್ಯಾಸ ನೆನಪಿದ್ದರೆ ಮುಂದಿನ ಲಕ್ಷಣಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮುಟ್ಟುವ ಮೊದಲು

ಮೊದಲು ನಿಮ್ಮ ಕಾಲಿನ ಸುತ್ತ ನೋಡಿ. ಹಾವು ಇನ್ನೂ ಅಲ್ಲೇ ಇರಬಹುದು. ಮಕ್ಕಳನ್ನು ಒಳಗೆ ಕಳುಹಿಸಿ. ಹಾವು ಕಂಡರೆ ದೂರದಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಅಷ್ಟು ಸಾಕು. ಹೊಡೆದು ಕೊಂದು ಡಬ್ಬಿಯಲ್ಲಿ ತುಂಬಿ ತರುವ ಹಳೆಯ ರೂಢಿ ಬೇಡ: ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತಿನವರೆಗೆ ಕಚ್ಚಬಲ್ಲದು, ಜೊತೆಗೆ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ನೋವಿನಲ್ಲಿರುವ ನಾಯಿ ತನ್ನ ಯಜಮಾನನನ್ನೂ ಕಚ್ಚುತ್ತದೆ. ದಪ್ಪ ಟವೆಲ್ ಅಥವಾ ಗೋಣಿಚೀಲ ಸುತ್ತಿ ಎತ್ತಿ. ಮುಖ ಊದಿದ್ದರೆ ಅಥವಾ ಉಸಿರು ಕಷ್ಟವಾಗಿದ್ದರೆ ಮೂತಿ ಕಟ್ಟಬೇಡಿ. ಕೊರಳಪಟ್ಟಿಯನ್ನು ಈಗಲೇ ಬಿಚ್ಚಿ. ಊತ ಕತ್ತಿಗಿಳಿದ ಮೇಲೆ ಅದು ಉರುಳಾಗುತ್ತದೆ. ನಡೆಸಬೇಡಿ, ಹೊತ್ತುಕೊಂಡು ಹೋಗಿ. ನಡೆದಷ್ಟೂ ವಿಷ ಬೇಗ ಹರಡುತ್ತದೆ.

ಮಾಡಲೇಬಾರದ ಕೆಲಸಗಳು ಹಲವು, ಎಲ್ಲವನ್ನೂ ಯಾರೋ ಒಬ್ಬರು ಪ್ರೀತಿಯಿಂದಲೇ ಹೇಳುತ್ತಾರೆ. ಹಗ್ಗ ಬಿಗಿದು ಕಟ್ಟುವುದು, ಬ್ಲೇಡಿನಲ್ಲಿ ಕೊಯ್ಯುವುದು, ಹೀರುವುದು, ಮಂಜುಗಡ್ಡೆ ಇಡುವುದು, ಸುಡುವುದು, ಸುಣ್ಣ ಹಚ್ಚುವುದು. ಬಾಯಿಗೆ ಹಾಲು, ತುಪ್ಪ, ಎಣ್ಣೆ, ಸೊಪ್ಪಿನ ರಸ ಹಾಕುವುದು ಇವೆಲ್ಲಕ್ಕಿಂತ ಕೆಟ್ಟದ್ದು. ನರವಿಷ ಏರಿದ ಪ್ರಾಣಿಗೆ ನುಂಗಲು ಬರುವುದಿಲ್ಲ, ನೀವು ಹೊಯ್ದದ್ದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆಯೂ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ಸ್ವತಃ ವಿಷ. ಆಸ್ಪಿರಿನ್, ಡೈಕ್ಲೋಫೆನಾಕ್‌ಗಳು ರಕ್ತಸ್ರಾವವನ್ನೂ ಮೂತ್ರಪಿಂಡದ ಹಾನಿಯನ್ನೂ ಹೆಚ್ಚಿಸುತ್ತವೆ.

ಗಾಡಿ ಹೊರಡುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ಪ್ರತಿವಿಷ ಇದೆಯೇ? ಇಲ್ಲವೆಂದರೆ ಎಲ್ಲಿ ಸಿಗುತ್ತದೆ? ಯಾರೂ ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಗಲಾಟೆಯಲ್ಲಿ ಮನುಷ್ಯರಿಗೇ ಕಚ್ಚಿದ್ದರೆ ನಾಯಿ, ಕೋಳಿ ಎಲ್ಲ ಬಿಟ್ಟು 108.

ಲಕ್ಷಣ: ಬೆಳಿಗ್ಗೆ ಗೂಡು ತೆರೆದಾಗ ಕೋಳಿ ಸತ್ತು ಬಿದ್ದಿದೆ

ಕೋಳಿಯ ವಿಷಯದಲ್ಲಿ ನಿಷ್ಠುರವಾಗಿ ಹೇಳುವುದೇ ಮೇಲು. ಒಂದೂವರೆ, ಎರಡು ಕಿಲೋದ ಜೀವಕ್ಕೆ ನಾಗರಹಾವಿನ ಪೂರ್ತಿ ಕಡಿತ ಬಿದ್ದರೆ ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಮುಗಿದಿರುತ್ತದೆ. ಚಿಕಿತ್ಸೆಯ ಪ್ರಶ್ನೆ ಬರುವುದೇ ಅಪರೂಪ. ಸತ್ತ ಕೋಳಿ ನಮಗೆ ಕೊಡುವುದು ಒಂದು ಸುದ್ದಿಯನ್ನು: ಗೂಡಿನ ಹತ್ತಿರ ಏನೋ ಇದೆ, ಮುಂದಿನ ಸರದಿ ನಾಯಿಯದ್ದಿರಬಹುದು, ಮೊಟ್ಟೆ ತೆಗೆಯಲು ಕೈ ಹಾಕುವವರದ್ದೂ ಇರಬಹುದು. ಆ ಸುದ್ದಿಯನ್ನು ಸರಿಯಾಗಿ ಓದಲು ಕೆಲವು ಪರೀಕ್ಷೆಗಳಿವೆ, ಯಾವುದಕ್ಕೂ ಕಾಸು ಬೇಡ.

ಎಷ್ಟು ಸತ್ತಿವೆ ಎಂದು ಎಣಿಸಿ. ಹಾವು ಸಾಮಾನ್ಯವಾಗಿ ಒಂದೆರಡನ್ನು ಕಚ್ಚುತ್ತದೆ. ಎರಡು ಮೂರು ದಿನಗಳಲ್ಲಿ ಐದಾರು ಸತ್ತು, ಉಳಿದವು ಹಸಿರು ಬೇಧಿ ಹಾಕುತ್ತ ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ಕೊಕ್ಕರೆ ರೋಗದಂಥ ಸೋಂಕು. ಇನ್ನೊಂದು ಕೋಳಿಯನ್ನೂ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರದ ಸಾಧ್ಯತೆಯನ್ನು ತಳ್ಳಿಹಾಕುವುದು ಅವರ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಗೂಡಿನೊಳಗೆ ಮಧ್ಯಾಹ್ನ ಸತ್ತರೆ ಬಿಸಿಲ ಝಳವನ್ನು ಮೊದಲು ಅನುಮಾನಿಸಿ.

ಆಮೇಲೆ ಗಾಯ ನೋಡಿ. ಕತ್ತು ಕಡಿದು ರಕ್ತ ಚೆಲ್ಲಿದ್ದರೆ ಮುಂಗುಸಿ ಅಥವಾ ಕಾಡುಬೆಕ್ಕು, ಕಾಲುಗಳನ್ನು ಕಚ್ಚಿ ತಿಂದಿದ್ದರೆ ಹೆಗ್ಗಣ. ತಲೆ ಮತ್ತು ಕತ್ತಿನ ಗರಿ ಮಾತ್ರ ಜೊಲ್ಲಿನಿಂದ ನೆನೆದು ಅಂಟಿಕೊಂಡಿದ್ದರೆ ಯಾವುದೋ ಹಾವು ನುಂಗಲು ನೋಡಿ, ಹೆಗಲು ದಾಟದೆ ಬಿಟ್ಟು ಹೋಗಿದೆ. ಈ ಕೆಲಸ ಕೇರೆ ಹಾವಿನದ್ದೂ ಆಗಬಹುದು, ಹೆಬ್ಬಾವಿನ ಮರಿಯದ್ದೂ ಆಗಬಹುದು; ಎರಡಕ್ಕೂ ವಿಷವಿಲ್ಲ. ಮೊಟ್ಟೆಗಳು ಸಿಪ್ಪೆಯ ಚೂರೂ ಉಳಿಯದಂತೆ ಮಾಯವಾಗಿದ್ದರೂ ಹಾವಿನ ಮೇಲೆಯೇ ಅನುಮಾನ. ಮುಂಗುಸಿ, ಕಾಗೆಗಳು ಸಿಪ್ಪೆ ಬಿಟ್ಟು ಹೋಗುತ್ತವೆ.

ಹೊರಗೆ ಏನೂ ಕಾಣದಿದ್ದರೆ ಕೈಗವಸು ಹಾಕಿಕೊಂಡು ತೊಡೆ, ಎದೆ, ರೆಕ್ಕೆಯ ಕೆಳಗೆ ಗರಿಗಳನ್ನು ಹಿಮ್ಮುಖವಾಗಿ ಸರಿಸಿ. ಕಚ್ಚಿದ ಜಾಗದ ಸುತ್ತ ಚರ್ಮ ನೀಲಿಗಪ್ಪಾಗಿ ಒದ್ದೆಯೊದ್ದೆಯಾಗಿರುವುದು ಮಂಡಲದ ಕಡಿತದ ಗುರುತು. ಎರಡು ಹಲ್ಲಿನ ಚುಕ್ಕೆ ಇರಲೇಬೇಕೆಂದೇನಿಲ್ಲ. ಒಂದೇ ಇರಬಹುದು, ಬರೀ ಗೀರು ಇರಬಹುದು. ಕಟ್ಟು ಹಾವಿನ ಕಡಿತದಲ್ಲಿ ಏನೂ ಕಾಣದಿರುವುದೇ ಹೆಚ್ಚು. ಜುಟ್ಟು ಕಪ್ಪಾಗಿರುವುದನ್ನು ಹಾವಿನ ಸಾಕ್ಷಿಯೆಂದು ಹಲವರು ಹೇಳುತ್ತಾರೆ. ಉಸಿರುಗಟ್ಟಿ ಸತ್ತ ಯಾವ ಕೋಳಿಯ ಜುಟ್ಟೂ ಕಪ್ಪಾಗುತ್ತದೆ.

ಸತ್ತ ಕೋಳಿಯನ್ನು ಸಾರು ಮಾಡಬಹುದೇ ಎಂದು ಪ್ರತಿ ಊರಿನಲ್ಲೂ ಒಬ್ಬರು ಕೇಳುತ್ತಾರೆ. ಹಾವಿನ ವಿಷ ಪ್ರೋಟೀನು, ಬೇಯಿಸಿದರೆ ಕೆಡುತ್ತದೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಅದು ಸತ್ತದ್ದು ಹಾವಿನಿಂದಲೇ, ಇಲಿ ಪಾಷಾಣದಿಂದಲೋ ರೋಗದಿಂದಲೋ ಅಲ್ಲ ಎಂಬುದಕ್ಕೆ ನಿಮ್ಮ ಬಳಿ ಪುರಾವೆ ಇಲ್ಲ. ಸುಣ್ಣ ಹಾಕಿ ಆಳವಾಗಿ ಹೂಳಿ. ಮೇಲೆ ಎಸೆದರೆ ನಾಯಿ ಎಳೆದು ತರುತ್ತದೆ.

ಲಕ್ಷಣ: ಕೋಳಿಗೆ ಜೀವವಿದೆ, ಆದರೆ ಏಳುತ್ತಿಲ್ಲ

ಕತ್ತು ಜೋತು ಬಿದ್ದು, ರೆಪ್ಪೆ ಮುಚ್ಚಿ, ರೆಕ್ಕೆ ನೆಲಕ್ಕೆ ಚಾಚಿದ್ದರೆ ನರವಿಷವಿರಬಹುದು. ಆದರೆ ಅದೇ ರೂಪದಲ್ಲಿ ಬರುವ ಇನ್ನೊಂದಿದೆ. ಕೊಳೆತ ಹೆಣದ ಹುಳು ತಿಂದ ಕೋಳಿಗಳಿಗೆ ಬೊಟುಲಿಸಂ ಎಂಬ ವಿಷಬಾಧೆ ಬಂದು ಕತ್ತು ಬಟ್ಟೆಯಂತೆ ಜೋಲುತ್ತದೆ, ಗರಿ ಹಿಡಿದರೆ ಸುಲಭವಾಗಿ ಕಿತ್ತು ಬರುತ್ತದೆ, ಒಂದಕ್ಕಿಂತ ಹೆಚ್ಚು ಕೋಳಿಗಳಿಗೆ ಒಟ್ಟಿಗೆ ಆಗುತ್ತದೆ. ಸುತ್ತಮುತ್ತ ಸತ್ತ ಹೆಗ್ಗಣವೇನಾದರೂ ಬಿದ್ದಿದೆಯೇ ನೋಡಿ. ಕತ್ತು ಜೋಲುವ ಬದಲು ತಿರುಚಿಕೊಂಡಿದ್ದರೆ ಕೊಕ್ಕರೆ ರೋಗ. ಎಳೆಯ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಕೂತಿದ್ದರೆ ಮ್ಯಾರೆಕ್ಸ್ ರೋಗ. ಅದು ಒಂದೇ ಬೆಳಗಿನಲ್ಲಿ ಬರುವುದಿಲ್ಲ.

ಒಂದೇ ಕಾಲು ಊದಿ ಕಪ್ಪಗಾಗಿ ಕುಂಟುತ್ತಿರುವ ಕೋಳಿ ಬದುಕುವ ಸಾಧ್ಯತೆ ಇದೆ. ವಿಷ ಕಡಿಮೆ ಇಳಿದಿದೆ ಎಂದು ಅದರರ್ಥ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಮಬ್ಬುಗತ್ತಲಲ್ಲಿ ಬೇರೆ ಇಡಿ; ಉಳಿದ ಕೋಳಿಗಳು ರಕ್ತ ಕಂಡರೆ ಕುಕ್ಕುತ್ತವೆ. ನೀರು ಮುಂದಿಡಿ, ಬಾಯಿಗೆ ಹೊಯ್ಯಬೇಡಿ. ಒಂದು ನಾಟಿ ಕೋಳಿಗೆ ಪ್ರತಿವಿಷ ಕೊಡಿಸಬೇಕೇ? ಅದರ ಒಂದು ವಯಲ್ (ಔಷಧಿಯ ಸಣ್ಣ ಸೀಸೆ) ಕದಡಿದ ಮೇಲೆ ಹತ್ತು ಮಿಲಿಲೀಟರ್ ಆಗುತ್ತದೆ. ಅದನ್ನು ಕೋಳಿಯ ರಕ್ತನಾಳಕ್ಕೆ ನಿಧಾನವಾಗಿ ಇಳಿಸಬಲ್ಲ ಕೈ ಹಳ್ಳಿಯಲ್ಲಿ ಸಿಗುವುದು ಕಷ್ಟ. ನಾನು ಕೊಡಿಸಿಲ್ಲ, ಕೊಡಿಸಿ ಎಂದು ಹೇಳುವುದೂ ಇಲ್ಲ. ಮಗಳು ಹೆಸರಿಟ್ಟು ಸಾಕಿದ ಹುಂಜವಾದರೆ ಅದು ನಿಮ್ಮ ಮನೆಯ ತೀರ್ಮಾನ.

ಲಕ್ಷಣ: ನಾಯಿಯ ಮೂತಿ ಅಥವಾ ಮುಂಗಾಲು ಊದಿದೆ

ನಾಯಿ ಹಾವನ್ನು ಮೂಸಲು ಹೋಗುತ್ತದೆ, ಇಲ್ಲವೇ ಕಾಲಿನಿಂದ ಕೆದಕುತ್ತದೆ. ಹಾಗಾಗಿ ಕಡಿತ ಮುಖಕ್ಕೆ ಅಥವಾ ಮುಂಗಾಲಿಗೆ ಬೀಳುವುದೇ ಹೆಚ್ಚು.

ಗಾಡಿ ತೆಗೆಯುವಷ್ಟರಲ್ಲಿ ಮಾಡಬಹುದಾದ ಪರೀಕ್ಷೆಗಳು ಇವು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ: ಬೆಳ್ಳಗಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಒಸಡು ಬಿಳಿಚಿದ್ದರೆ ಅಥವಾ ಕೆಂಪಾಗಲು ತಡವಾದರೆ ರಕ್ತದೊತ್ತಡ ಕುಸಿಯುತ್ತಿದೆ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಹದಿನೈದು ನಿಮಿಷದಲ್ಲಿ ಊತ ಗೆರೆ ದಾಟಿತೆಂದರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಇಲ್ಲ. ಗಾಯದಿಂದ ತೆಳ್ಳಗಿನ ರಕ್ತ ಜಿನುಗುತ್ತಲೇ ಇದೆಯೇ ಗಮನಿಸಿ.

ಜೇನು ಅಥವಾ ಕಣಜ ಕಚ್ಚಿದ ನಾಯಿಯ ಮುಖವೂ ಊದುತ್ತದೆ, ಕೆಲವೊಮ್ಮೆ ನೋಡಿದವರು ನಗುವಷ್ಟು. ಆದರೆ ಆ ಊತ ಮೆತ್ತಗೆ, ತುರಿಕೆಯದು. ನಾಯಿ ಮುಖವನ್ನು ನೆಲಕ್ಕೆ ಉಜ್ಜುತ್ತದೆ, ಒಸಡು ಕೆಂಪಾಗಿರುತ್ತದೆ, ಮುಟ್ಟಿದರೆ ಕಿರುಚುವುದಿಲ್ಲ. ಹಲ್ಲಿನ ಬುಡದ ಕೀವು ಕಣ್ಣಿನ ಕೆಳಗೆ ದಿನಗಟ್ಟಲೆ ಬೆಳೆಯುತ್ತದೆ. ಮುಳ್ಳುಹಂದಿಯ ಕಾಟವಿರುವ ಕಡೆ ಮುಳ್ಳು ಮುರಿದು ಒಳಗೆ ಉಳಿದಿರಬಹುದು. ಮಂಡಲದ ಊತ ಬೇರೆ: ಅಸಾಧ್ಯ ನೋವು, ಬಿಗಿ, ಗಂಟೆ ಗಂಟೆಗೆ ಹರಡುವಿಕೆ, ನೀಲಿಗಪ್ಪು ಬಣ್ಣ, ನಿಲ್ಲದ ಜಿನುಗು ರಕ್ತ. ಇವುಗಳಲ್ಲಿ ಎರಡು ಕಂಡರೆ ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು, ಹೊರಡಿ. ನಾಗರಹಾವಿನ ಕಡಿತವೂ ಊತದಿಂದಲೇ ಶುರುವಾಗಬಹುದು, ಆದ್ದರಿಂದ ದಾರಿಯಲ್ಲಿ ಮುಂದಿನ ಭಾಗದ ಲಕ್ಷಣಗಳಿಗೂ ಕಣ್ಣಿಟ್ಟಿರಿ.

ಮಲೆನಾಡಿನ ಓದುಗರಿಗೆ ಒಂದು ಮಾತು. ತೋಟದ ದರಗಿನ ನಡುವೆ ಮಲಗಿರುವ, ಮೂಗಿನ ತುದಿ ಮೇಲಕ್ಕೆದ್ದ ಸಣ್ಣ ಗುಳಿಮಂಡಲದ ಕಡಿತಕ್ಕೂ ಊತ, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಬರಬಹುದು. ನಮ್ಮಲ್ಲಿ ಸಿಗುವ ಪ್ರತಿವಿಷದಲ್ಲಿ ಅದರ ಪಾಲಿಲ್ಲ. ನೀವು ತೆಗೆದ ಹಾವಿನ ಚಿತ್ರ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ.

ಲಕ್ಷಣ: ಊತ ಕಾಣುವುದಿಲ್ಲ, ಆದರೆ ನಾಯಿ ತೂರಾಡುತ್ತಿದೆ, ಜೊಲ್ಲು ಸುರಿಯುತ್ತಿದೆ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ. ಕೆಂಚಿಯ ವಿಷಯದಲ್ಲಿ ನನಗೆ ಮೊದಲು ಕಂಡದ್ದು ಅವಳ ರೆಪ್ಪೆ. ನಿದ್ದೆಗಣ್ಣಿನವಳಂತೆ ಅರ್ಧ ಮುಚ್ಚಿಕೊಂಡು ನಿಂತಿದ್ದಳು. ಕರೆದರೆ ಬಾಲ ಅಲ್ಲಾಡಿತು, ಕಾಲು ಬರಲಿಲ್ಲ. ಆಮೇಲೆ ಹಿಂಗಾಲು ಕುಸಿಯಿತು, ದನಿ ಒಡೆಯಿತು, ಜೊಲ್ಲು ಸುರಿಯತೊಡಗಿತು. ಜೊಲ್ಲು ಹೆಚ್ಚು ಉತ್ಪತ್ತಿಯಾಗಿ ಸುರಿಯುವುದಲ್ಲ, ನುಂಗಲಾಗದೆ ಸುರಿಯುವುದು. ಕಡೆಗೆ ಎದೆ ಏಳುವುದು ನಿಂತು ಹೊಟ್ಟೆಯಿಂದ ಉಸಿರಾಡತೊಡಗಿದಾಗ ನಾವು ಆಸ್ಪತ್ರೆಯ ಅಂಗಳದಲ್ಲಿದ್ದೆವು. ಇದು ನರವಿಷದ ಕ್ರಮ. ಸ್ನಾಯು ಸಡಿಲವಾಗುತ್ತ ಹೋಗುತ್ತದೆ, ಪ್ರಜ್ಞೆ ಇರುತ್ತದೆ. ಕಣ್ಣು ಮುಚ್ಚಿ ಬಿದ್ದ ನಾಯಿಗೆ ನಿಮ್ಮ ಮಾತೆಲ್ಲ ಕೇಳಿಸುತ್ತಿರುತ್ತದೆ, "ಇನ್ನೇನಿಲ್ಲ ಬಿಡಿ" ಎಂದು ಅದರ ಮುಂದೆ ಹೇಳಬೇಡಿ.

ಕಟ್ಟು ಹಾವಿನ ಕಡಿತ ಇನ್ನೂ ಮೋಸದ್ದು. ಕೆಲವು ಕಡೆ ಕಡಂಬಳ ಎನ್ನುವ ಈ ಹಾವು ರಾತ್ರಿ ಓಡಾಡುತ್ತದೆ. ಹಲ್ಲು ಸಣ್ಣದು, ಕಚ್ಚಿದ ಜಾಗದಲ್ಲಿ ಊತವಿಲ್ಲ, ಗುರುತೂ ಇಲ್ಲ. ರಾತ್ರಿ ಚೆನ್ನಾಗಿ ಉಂಡು ಮಲಗಿದ ನಾಯಿ ಬೆಳಿಗ್ಗೆ ತಲೆ ಎತ್ತುತ್ತಿಲ್ಲ ಎಂದರೆ ಹಾವನ್ನು ಪಟ್ಟಿಯ ಮೊದಲಲ್ಲಿಡಿ.

ಇದೇ ರೂಪ ತಾಳುವ ಬೇರೆ ಕಾರಣಗಳಿವೆ, ಅವುಗಳಿಗೆ ಪ್ರತಿವಿಷ ದಂಡ. ಕೀಟನಾಶಕ ನೆಕ್ಕಿದ್ದರೆ ಜೊಲ್ಲಿನ ಜೊತೆ ವಾಂತಿ, ಬೇಧಿ, ಮೈ ಅದುರುವಿಕೆ ಇರುತ್ತದೆ, ಕಣ್ಣಿನ ಪಾಪೆ ಸಾಮಾನ್ಯವಾಗಿ ಸೂಜಿಮೊನೆಯಷ್ಟು ಕುಗ್ಗಿರುತ್ತದೆ. ನಾಗರಹಾವಿನ ಕಡಿತದಲ್ಲಿ ಮೈ ಅದುರದೆ ಸಡಿಲವಾಗುತ್ತದೆ, ಪಾಪೆ ಹಿಗ್ಗಿರುವುದೇ ಹೆಚ್ಚು. ತೋಟಕ್ಕೆ ಬಸವನಹುಳುವಿನ ಗುಳಿಗೆ ಹಾಕಿದ್ದೀರಾ ನೆನಪಿಸಿಕೊಳ್ಳಿ. ಅದರಲ್ಲಿರುವ ಮೆಟಾಲ್ಡಿಹೈಡ್ ಎಂಬ ವಿಷ ತಿಂದ ನಾಯಿ ನಡುಗಿ ಸೆಟೆದುಕೊಳ್ಳುತ್ತದೆ, ಮೈ ಸುಡುತ್ತದೆ. ಮಳೆಗಾಲದಲ್ಲಿ ನೆಲಗಪ್ಪೆಯನ್ನು ಕಚ್ಚಿದ ನಾಯಿಗೂ ಬಾಯಿಂದ ನೊರೆ ಬರುತ್ತದೆ.

ಇನ್ನು ರೇಬೀಸ್. ದವಡೆ ಜೋತು ಬಿದ್ದು, ಜೊಲ್ಲು ಸುರಿಯುತ್ತ, ನುಂಗಲಾಗದ ನಾಯಿ ಹುಚ್ಚುನಾಯಿ ರೋಗದ್ದೂ ಆಗಿರಬಹುದು. "ಗಂಟಲಲ್ಲಿ ಮೂಳೆ ಸಿಕ್ಕಿದೆ" ಎಂದು ಬಾಯಿಗೆ ಕೈ ಹಾಕಬೇಡಿ. ಲಸಿಕೆ ಹಾಕಿಸದ ನಾಯಿ, ಒಂದೆರಡು ದಿನಗಳಿಂದ ಸ್ವಭಾವ ಬದಲಾಗಿತ್ತು ಎಂದಾದರೆ ವೈದ್ಯರಿಗೆ ಮೊದಲೇ ಹೇಳಿ. ಜೊಲ್ಲು ನಿಮ್ಮ ಗಾಯಕ್ಕೆ ತಗುಲಿದ್ದರೆ ಸಾಬೂನು, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ.

ದಾರಿಯಲ್ಲಿ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಕತ್ತು ನೀಳವಾಗಿರಲಿ, ಬಾಯಿ ತುಸು ಕೆಳಮುಖವಾಗಿರಲಿ. ಜೊಲ್ಲು ಹೊರಗೆ ಹರಿಯಬೇಕು. ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಿರಿ. ವಿಶ್ರಾಂತಿಯಲ್ಲಿರುವ ನಾಯಿಗೆ ಹತ್ತರಿಂದ ಮೂವತ್ತು ಸಹಜ.

ಲಕ್ಷಣ: ಒಸಡಿನಲ್ಲಿ ರಕ್ತ, ಮೂತ್ರ ಕೆಂಪು ಅಥವಾ ಕಂದು

ಇದರೊಂದಿಗೆ ನೋವಿನ ಊತವೂ ಇದ್ದರೆ ಮಂಡಲ ಎಂದೇ ಹಿಡಿಯಿರಿ. ಊತವೇ ಇಲ್ಲದೆ ಒಸಡು, ಮೂಗು, ಮಲದಲ್ಲಿ ರಕ್ತ ಬರುತ್ತಿದ್ದರೆ ಇಲಿ ಪಾಷಾಣದ ಕೇಕ್ ತಿಂದು ಕೆಲವು ದಿನಗಳಾಗಿರಬಹುದು. ಅದರ ಔಷಧಿ ವಿಟಮಿನ್ ಕೆ1. ಜ್ವರ ಬಂದು, ಊಟ ಬಿಟ್ಟು, ಮೈತುಂಬ ಉಣ್ಣಿ ಇರುವ ನಾಯಿಯ ಮೂತ್ರ ಕಂದಾದರೆ ಉಣ್ಣಿಯಿಂದ ಬರುವ ಜ್ವರ. ಮಳೆ ನೀರಿನಲ್ಲಿ ಓಡಾಡಿದ ನಾಯಿಗೆ ಇಲಿ ಜ್ವರವೂ ಬರುತ್ತದೆ. ಇವುಗಳನ್ನು ಮನೆಯಲ್ಲಿ ಬೇರ್ಪಡಿಸಲು ಕೂರಬೇಡಿ. ಮೂತ್ರವನ್ನು ಸಣ್ಣ ಬಾಟಲಿಯಲ್ಲಿ ಹಿಡಿದು ಒಯ್ಯಿರಿ.

ವೈದ್ಯರ ಬಳಿ ಇದಕ್ಕೊಂದು ಬಹಳ ಸರಳ ಪರೀಕ್ಷೆಯಿದೆ. ಹೊಸದಾದ, ಒಣಗಿದ ಗಾಜಿನ ಸೀಸೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ ಅಲ್ಲಾಡಿಸದೆ ಇಪ್ಪತ್ತು ನಿಮಿಷ ಬಿಡುವುದು, ಆಮೇಲೆ ಓರೆ ಮಾಡುವುದು. ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸರಿ. ನೀರಿನಂತೆ ಹರಿದರೆ ವಿಷ ರಕ್ತವನ್ನು ಕೆಡಿಸಿದೆ. ಸೀಸೆ ಗಾಜಿನದ್ದೇ ಆಗಬೇಕು, ಪ್ಲಾಸ್ಟಿಕ್‌ನಲ್ಲಿ ಫಲಿತಾಂಶ ನಂಬುವಂತಿಲ್ಲ. ಕರಿಯನ ರಕ್ತ ಆ ಸೀಸೆಯೊಳಗೆ ಚಹಾದಂತೆ ಹರಿದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಇಷ್ಟು ಅಗ್ಗದ ಪರೀಕ್ಷೆಯನ್ನು ಮಾಡದೆ ಬಿಟ್ಟರೆ "ಇಪ್ಪತ್ತು ನಿಮಿಷದ ಪರೀಕ್ಷೆ ಮಾಡುತ್ತೀರಾ?" ಎಂದು ವಿನಯದಿಂದ ಕೇಳಿ.

ಲಕ್ಷಣ: ಬೆಕ್ಕು ಮೂಲೆ ಸೇರಿದೆ

ಬೆಕ್ಕು ಕಚ್ಚಿಸಿಕೊಂಡದ್ದನ್ನು ಹೇಳಿಕೊಳ್ಳುವುದಿಲ್ಲ. ಮಂಚದ ಕೆಳಗೋ ಅಟ್ಟದ ಮೇಲೋ ಸೇರಿಕೊಂಡು, ನಮಗೆ ಸಿಗುವಾಗ ಒಂದು ದಿನ ಕಳೆದಿರುತ್ತದೆ. ಊಟ ಬಿಟ್ಟು ಅಡಗಿದ ಬೆಕ್ಕನ್ನು ಹೊರತೆಗೆದು ಒಂದು ಸಾರಿ ನಡೆಸಿ ನೋಡಿ: ಹಿಂಭಾಗ ಓಲಾಡುತ್ತದೆಯೇ, ಪಾಪೆ ಬೆಳಕಿಗೂ ಕುಗ್ಗುತ್ತಿಲ್ಲವೇ, ಪಂಜ ಊದಿದೆಯೇ? ಪಂಜದ ಊತ ಇನ್ನೊಂದು ಬೆಕ್ಕಿನ ಜಗಳದ ಕೀವೂ ಆಗಿರಬಹುದು. ಅದು ಬಿಸಿಯಾಗಿ, ಎರಡು ಮೂರು ದಿನಕ್ಕೆ ಮೆತ್ತಗಾಗುತ್ತದೆ. ಬಾಯಿ ತೆರೆದು ಉಸಿರಾಡುವ ಬೆಕ್ಕನ್ನು ಮಾತ್ರ ನೋಡುತ್ತ ನಿಲ್ಲಬೇಡಿ, ಬುಟ್ಟಿಗೆ ಹಾಕಿ ಹೊರಡಿ.

ಲಕ್ಷಣ: ಹಾವಿನೊಂದಿಗೆ ಸೆಣಸಿದ್ದನ್ನು ಕಣ್ಣಾರೆ ನೋಡಿದ್ದೇವೆ, ನಾಯಿ ಆರಾಮಾಗಿದೆ

ಹಾವು ಕೇರೆಯದ್ದೋ ನೀರೊಳ್ಳೆಯದ್ದೋ ಇರಬಹುದು. ವಿಷದ ಹಾವೇ ವಿಷ ಬಿಡದೆ ಕಚ್ಚಿರಲೂಬಹುದು. ಬಹಳಷ್ಟು ಬಾರಿ ನಾಟಿ ಔಷಧಿಯ ಹೆಸರು ಗಟ್ಟಿಯಾಗುವುದು ಇಂಥ ಕಡಿತಗಳಿಂದಲೇ. ಆದರೂ ಇಪ್ಪತ್ನಾಲ್ಕು ಗಂಟೆ ಕಟ್ಟಿಹಾಕಿ ನೋಡಿ, ಸಾಧ್ಯವಿದ್ದರೆ ಆ ಹೊತ್ತು ಆಸ್ಪತ್ರೆಯ ಹತ್ತಿರದಲ್ಲೇ ಕಳೆಯಿರಿ. ಗಂಟೆಗೊಮ್ಮೆ ರೆಪ್ಪೆ, ಒಸಡು, ನಡಿಗೆ, ಮೂತ್ರದ ಬಣ್ಣ. ರಾತ್ರಿ ಅಲಾರಂ ಇಟ್ಟುಕೊಳ್ಳಿ. ಯಾವುದೊಂದು ಬದಲಾದರೂ ಹೊರಡಿ.

ಆಸ್ಪತ್ರೆಯಲ್ಲಿ ಏನು ನಡೆಯಬೇಕು

ಪ್ರತಿವಿಷವನ್ನು ಮನೆಯಲ್ಲಿ ತಂದಿಟ್ಟು ನೀವೇ ಚುಚ್ಚುವ ಯೋಚನೆ ಬೇಡವೇ ಬೇಡ. ಅದು ಕುದುರೆಯ ರಕ್ತದಿಂದ ತಯಾರಾದದ್ದು. ಹಾವಿನಿಂದ ತೆಗೆದ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ದೇಶದ ಪ್ರತಿವಿಷಕ್ಕೆ ಬೇಕಾದ ವಿಷದ ದೊಡ್ಡ ಪಾಲು ತಮಿಳುನಾಡಿನ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬರುತ್ತದೆ, 1978ರಲ್ಲಿ ಶುರುವಾದದ್ದು. ಕುದುರೆಯ ಪ್ರೋಟೀನಿಗೆ ನಾಯಿಯ ಮೈ ತೀವ್ರ ಅಲರ್ಜಿ ತೋರಿ ಕುಸಿಯಬಹುದು. ಆಗ ಕೈಯಲ್ಲಿ ಅಡ್ರಿನಲಿನ್ ಸಿದ್ಧವಿರಬೇಕು. ಸಲೈನ್‌ನಲ್ಲಿ ಬೆರೆಸಿ ನಿಧಾನವಾಗಿ ರಕ್ತನಾಳಕ್ಕೆ ಇಳಿಸುವುದು ಸರಿಯಾದ ಕ್ರಮ. ಕಚ್ಚಿದ ಜಾಗದ ಸುತ್ತ ಚುಚ್ಚುವುದರಿಂದ ಲಾಭವಿಲ್ಲ.

"ಚಿಕ್ಕ ನಾಯಿ, ಅರ್ಧ ವಯಲ್ ಸಾಕು" ಎಂಬ ಲೆಕ್ಕವೂ ತಪ್ಪು. ಹಾವು ನಾಯಿಯ ತೂಕ ನೋಡಿ ವಿಷ ಬಿಡುವುದಿಲ್ಲ. ಪ್ರತಿ ಮಿಲಿಲೀಟರ್ ಪ್ರತಿವಿಷ ನಾಗರಹಾವು ಮತ್ತು ಕೊಳಕುಮಂಡಲದ 0.6 ಮಿಲಿಗ್ರಾಂ, ಕಟ್ಟು ಹಾವು ಮತ್ತು ಗರಗಸ ಮಂಡಲದ 0.45 ಮಿಲಿಗ್ರಾಂ ವಿಷವನ್ನು ಮಾತ್ರ ತಟಸ್ಥಗೊಳಿಸುತ್ತದೆ. ಆದ್ದರಿಂದ ಎಷ್ಟು ವಯಲ್ ಎಂಬುದನ್ನು ಲಕ್ಷಣ ನೋಡಿ, ರಕ್ತದ ಪರೀಕ್ಷೆಯನ್ನು ಆರು ಗಂಟೆಯ ನಂತರ ಮತ್ತೆ ಮಾಡಿ ನಿರ್ಧರಿಸುತ್ತಾರೆ. ಖರ್ಚಿನ ಮಾತನ್ನು ಮೊದಲೇ ಮುಕ್ತವಾಗಿ ಆಡಿ, ಅದರಲ್ಲಿ ನಾಚಿಕೆಯೇನಿಲ್ಲ.

ನಾಗರಹಾವಿನ ಕಡಿತಕ್ಕೆ ನಿಯೋಸ್ಟಿಗ್ಮಿನ್ ಎಂಬ ಚುಚ್ಚುಮದ್ದನ್ನು ಅಟ್ರೊಪಿನ್ ಜೊತೆಗೆ ಕೊಟ್ಟಾಗ ಬಿದ್ದ ರೆಪ್ಪೆ ಮೇಲೇಳುವುದುಂಟು. ಕಟ್ಟು ಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುವುದರಿಂದ ಅಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗಂಟಲಿಗೆ ಕೊಳವೆ ಹಾಕಿ ಚೀಲ ಒತ್ತುತ್ತ ಉಸಿರು ಕೊಡಬೇಕು. ಗಂಟೆಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ತಾಲ್ಲೂಕಿನಲ್ಲಿ ಇದು ಸಾಧ್ಯವಿಲ್ಲ ಎಂದಾದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರಿನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಹತ್ತಿರದ್ದು ಯಾವುದು ಎಂದು ಕೇಳಿ. ಬರೀ ಸ್ಟೀರಾಯ್ಡ್ ಮತ್ತು ಅಲರ್ಜಿಯ ಚುಚ್ಚುಮದ್ದು ಕೊಟ್ಟು ಮನೆಗೆ ಕಳುಹಿಸಿದರೆ ಅದು ಹಾವಿನ ವಿಷಕ್ಕೆ ಚಿಕಿತ್ಸೆಯಲ್ಲ. ಇನ್ನೊಂದು ಆಸ್ಪತ್ರೆ ಹುಡುಕಿ.

ಮನೆಗೆ ಬಂದ ಮೇಲೂ ಲಕ್ಷಣಗಳು

ಮೂರನೆಯ ದಿನ ನಾಯಿ ಎದ್ದು ಓಡಾಡಿತೆಂದು ಮರೆಯಬೇಡಿ. ಮಂಡಲದ ಕಡಿತದ ನಂತರ ಮೂತ್ರ ಕಡಿಮೆಯಾಗುವುದು, ವಾಂತಿ, ಊಟ ಬಿಡುವುದು ಕಂಡರೆ ಮೂತ್ರಪಿಂಡದ ರಕ್ತಪರೀಕ್ಷೆ ಅದೇ ದಿನ ಆಗಬೇಕು. ನಾಗರಹಾವು ಕಚ್ಚಿದ ಜಾಗದ ಚರ್ಮ ಕೆಲವು ದಿನಗಳಲ್ಲಿ ಕಪ್ಪಾಗಿ ಕಳಚಿಕೊಳ್ಳುತ್ತದೆ. ಕೆಂಚಿಯ ಮುಂಗಾಲಿನಲ್ಲಿ ಅಂಗೈಯಗಲ ಕಳಚಿತು. ನೊಣ ಕೂರದಂತೆ ನೋಡಿಕೊಂಡು ವೈದ್ಯರು ಹೇಳಿದಂತೆ ತೊಳೆದು ಕಟ್ಟುತ್ತ ಒಂದೂವರೆ ತಿಂಗಳು ಹಿಡಿಯಿತು. ಒಂದೆರಡು ವಾರದ ನಂತರ ಜ್ವರ, ಕೀಲು ನೋವು ಬಂದರೆ ಪ್ರತಿವಿಷದ ತಡವಾದ ಅಲರ್ಜಿ ಇರಬಹುದು. ಒಮ್ಮೆ ಬದುಕಿದ ನಾಯಿಗೆ ವಿಷ ತಗುಲುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಗೂಡಿನ ರಿಪೇರಿ

ಹಾವು ಬರುವುದು ಇಲಿಗಾಗಿ, ಇಲಿ ಬರುವುದು ಚೆಲ್ಲಿದ ಕಾಳಿಗಾಗಿ. ಸಂಜೆ ಕಾಳು ಗುಡಿಸಿ, ಉಳಿದದ್ದನ್ನು ಮುಚ್ಚಳದ ಡಬ್ಬದಲ್ಲಿಡಿ. ಮಾರುಕಟ್ಟೆಯ ಆರು ಮೂಲೆಯ ಕೋಳಿ ಜಾಲರಿಯಲ್ಲಿ ಹಾವು ಸಲೀಸಾಗಿ ನುಸುಳುತ್ತದೆ. ಕಾಲು ಇಂಚಿನ ಕಣ್ಣಿನ ಬಿಗಿ ಜಾಲರಿ ಬೇಕು, ಅದರ ಅಂಚನ್ನು ಮಣ್ಣಿನೊಳಗೆ ಒಂದಡಿಯಷ್ಟು ಹೂಳಬೇಕು. ಸೌದೆ, ಹಂಚು, ಅಡಿಕೆ ಸಿಪ್ಪೆಯ ರಾಶಿ ಗೂಡಿನಿಂದಲೂ ನಾಯಿ ಮಲಗುವ ಜಾಗದಿಂದಲೂ ದೂರವಿರಲಿ. ಕೊಳಕುಮಂಡಲ ಮರಿ ಹಾಕುವುದು, ನಾಗರಹಾವಿನ ಮೊಟ್ಟೆ ಒಡೆಯುವುದು ಮಳೆಗಾಲದ ಆಸುಪಾಸಿನಲ್ಲಿ. ಮರಿಯ ಕಡಿತದಲ್ಲೂ ವಿಷವಿದೆ, ಮತ್ತು ಮರಿ ಅರ್ಧ ಇಂಚಿನ ಸಂದಿಯಲ್ಲೂ ತೂರುತ್ತದೆ. ಪ್ರತಿವಿಷ ಎಲ್ಲಿದೆ ಎಂಬ ಫೋನ್ ವಿಚಾರಣೆಯನ್ನು ಮೇ ತಿಂಗಳಲ್ಲೇ ಮುಗಿಸಿ, ಆ ನಂಬರನ್ನು ಅಡುಗೆಮನೆಯ ಬಾಗಿಲ ಹಿಂದೆ ದೊಡ್ಡದಾಗಿ ಬರೆದಿಡಿ. ಕಾವು ಕೂತ ಕೋಳಿ ಹೊತ್ತಲ್ಲದ ಹೊತ್ತಿನಲ್ಲಿ ಬುಟ್ಟಿ ಬಿಟ್ಟು ಎದ್ದು ಕೂಗುತ್ತಿದ್ದರೆ, ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ಹುಲ್ಲನ್ನು ಕೋಲಿನಿಂದ ಸರಿಸಿ ನೋಡಿ.